ಸಭೆಯಲ್ಲಿ ರೈತರ ಪರವಾಗಿ ಮಾತಾಡಬೇಕು: ಬಡವರಿಗೆ ಉಪಯೋಗ ಆಗುವ ಕೃಷಿ ಸಂಶೋಧನೆ ಅಂದ್ರೆ ಯಾವುದು?

ಬಾಗೇಪಲ್ಲಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬಾಗೇಪಲ್ಲಿ ಕಡೆಯವನು. ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಮನೆಯಲ್ಲಿ ಎರಡೂವರೆ ಎಕರೆ ಖುಷ್ಕಿ ಇದೆ. ಮುಂದಿನ ತಿಂಗಳು ಒಂದು ಸಭೆ ಇದೆ. ವಿಜ್ಞಾನಿಗಳು, ಇಲಾಖೆಯವರು, ರೈತರು ಒಟ್ಟಿಗೆ ಕೂತು, ಮುಂದೆ ಯಾವ ಯಾವ ವಿಷಯದ ಮೇಲೆ ಸಂಶೋಧನೆ ಆಗಬೇಕು ಅಂತ ಚರ್ಚೆ ಮಾಡುತ್ತಾರಂತೆ. ನಮ್ಮ ಕಂಪನಿಯಿಂದ ನನ್ನನ್ನು ಕಳಿಸುತ್ತಿದ್ದಾರೆ. ಮಾತಾಡಲು ಐದು ನಿಮಿಷ.

ಮೊದಲೇ ಒಂದು ಪಟ್ಟಿ ಕಳಿಸಿದ್ದಾರೆ. ಮೇಲೆ 'ಹಸಿವು ಮತ್ತು ಬಡತನ ನಿವಾರಣೆಗೆ ಸಂಶೋಧನೆ' ಅಂತ ದೊಡ್ಡ ಅಕ್ಷರ. ಕೆಳಗೆ ಡ್ರೋನ್, ಕೃತಕ ಬುದ್ಧಿಮತ್ತೆ, ಜೀನ್ ಎಡಿಟಿಂಗ್, ಮಣ್ಣಿಲ್ಲದ ಬೇಸಾಯ, ರಫ್ತು ಗುಣಮಟ್ಟದ ಹಣ್ಣು. ಒಂದೊಂದೂ ಒಳ್ಳೆಯದೇ ಇರಬಹುದು. ಆದ್ರೆ ನಮ್ಮೂರಲ್ಲಿ ಬಡವರು ಅಂದ್ರೆ ಯಾರು? ಬೋರ್‌ವೆಲ್ ಇಲ್ಲದ ಒಂದೆರಡು ಎಕರೆಯವರು, ಜಮೀನೇ ಇಲ್ಲದೆ ಎರಡು ಹಸು ಕಟ್ಟಿಕೊಂಡು ಕೂಲಿಗೆ ಹೋಗುವವರು. ಆ ಪಟ್ಟಿಯಲ್ಲಿ ಅವರು ಎಲ್ಲೂ ಕಾಣಲಿಲ್ಲ.

ಇನ್ನೊಂದು ಗೊಂದಲವೂ ಇದೆ. ನಮ್ಮ ತಾತನ ಕಾಲದ ಹಸಿವು ಈಗ ಇಲ್ಲ. ರೇಷನ್ ಅಕ್ಕಿ ಬರುತ್ತದೆ, ಒಲೆ ಉರಿಯುತ್ತದೆ. ಹಾಗಂತ ಹಸಿವು ಹೋಯ್ತು ಅನ್ನೋಕೆ ಆಗಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಪ್ರಪಂಚದ ಲೆಕ್ಕ ನೋಡಿದ್ರೆ 2024ರಲ್ಲಿ ಸುಮಾರು 67 ಕೋಟಿ ಜನ ಹಸಿದವರು ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಆಫ್ರಿಕಾದಲ್ಲಿ ಐದು ಜನಕ್ಕೆ ಒಬ್ಬರಿಗಿಂತ ಜಾಸ್ತಿ.

ನಿಮ್ಮನ್ನು ಕೇಳೋದು ಇಷ್ಟೇ. ಸಂಶೋಧನೆಗೆ ಇರುವ ದುಡ್ಡು ಸೀಮಿತ. ಮೂರೇ ವಿಷಯ ಹೇಳು ಅಂದ್ರೆ ನೀವು ಯಾವುದನ್ನು ಹೇಳುತ್ತೀರಿ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರು ಜಿಲ್ಲೆಯವರೂ ಹೇಳಿ. ಸುಮ್ನೆ 'ಎಲ್ಲಾ ಬೇಕು' ಅನ್ನಬೇಡಿ ದಯವಿಟ್ಟು.

---

ಪಾವಗಡದ ಬಿಸಿಲು

ತಮ್ಮಾ, ಸಭೆಗೆ ಹೋಗು, ಕಾಫಿ ಬಿಸ್ಕೆಟ್ ಚೆನ್ನಾಗಿರುತ್ತೆ, ಕೊನೆಗೊಂದು ಗ್ರೂಪ್ ಫೋಟೋ. ತಮಾಷೆ ಇರಲಿ, ನನ್ನದು ಒಂದೇ ಮಾತು: ಕಡಲೆಕಾಯಿ ಬೀಜ.

ನಮ್ಮ ಕಡೆ ಇವತ್ತಿಗೂ ಬಹಳ ಜನ ಬಿತ್ತೋದು ಟಿಎಂವಿ-2. ಅದು ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಂದ ತಳಿ. ದೇಶಕ್ಕೆ ಸ್ವಾತಂತ್ರ್ಯ ಬರೋಕೆ ಮುಂಚಿನ ಬೀಜ! ಹೊಸ ತಳಿಗಳು ಬಂದಿಲ್ಲ ಅಂತಲ್ಲ. ಪಕ್ಕದ ಅನಂತಪುರದಲ್ಲಿ ಅಂತಾರಾಷ್ಟ್ರೀಯ ಖುಷ್ಕಿ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರ ಐಸಿಜಿವಿ 91114 ಬರ ತಡೆಯುತ್ತೆ ಅಂತ ಹೆಸರು ಮಾಡಿತು. ಕದಿರಿ ಸಂಶೋಧನಾ ಕೇಂದ್ರದ ಕೆ-6 ಬಂತು, ಆಮೇಲೆ ಲೇಪಾಕ್ಷಿ ತಳಿ ಬಂತು. ಆದ್ರೂ ಹಳೇದು ಹೋಗಲಿಲ್ಲ. ವಿಜ್ಞಾನಿಗಳು ಇದನ್ನ 'ರೈತರ ಅಜ್ಞಾನ' ಅಂತ ಬರೆದುಕೊಂಡು ಹೋಗುತ್ತಾರೆ. ಅಜ್ಞಾನ ಅಲ್ಲ, ಲೆಕ್ಕ.

ಆ ಲೆಕ್ಕ ಕೇಳು. ರಾಗಿ ಎಕರೆಗೆ ನಾಲ್ಕೈದು ಕೆಜಿ ಬಿತ್ತಿದ್ರೆ ಸಾಕು, ಮಳೆ ಆದ ವರ್ಷ ಹತ್ತು ಕ್ವಿಂಟಾಲ್ ಬರುತ್ತೆ. ಒಂದಕ್ಕೆ ಇನ್ನೂರು. ಹೊಸ ರಾಗಿ ಬೀಜ ಒಬ್ಬನ ಮನೆಗೆ ಬಂದ್ರೆ ಎರಡು ವರ್ಷಕ್ಕೆ ಊರೆಲ್ಲ ಹರಡುತ್ತೆ. ಕಡಲೆಕಾಯಿ ಎಕರೆಗೆ ನಲವತ್ತು ಐವತ್ತು ಕೆಜಿ ಬೀಜ ಬೇಕು, ನಮ್ಮ ಮಳೆಗೆ ಒಂದಕ್ಕೆ ಎಂಟೋ ಹತ್ತೋ ಸಿಕ್ಕಿದ್ರೆ ಹೆಚ್ಚು. ಎಣ್ಣೆ ಕಾಳು ಬೇರೆ, ವರ್ಷ ಕಳೆದ್ರೆ ಮೊಳಕೆ ಬರಲ್ಲ, ಹುಳ ಬೀಳುತ್ತೆ. ಬಿತ್ತನೆ ಹೊತ್ತಿಗೆ ಬೀಜಕ್ಕೇ ಸಾಲ. ಹಾಗಾಗಿ ಮನೆಯಲ್ಲಿರೋ ಹಳೇ ಕಾಯಿಯನ್ನೇ ಬಿಡಿಸಿ ಬಿತ್ತುತ್ತೀವಿ. ಹೊಸ ತಳಿ ಹುಟ್ಟಿಸೋಕೆ ಕೋಟಿ ಖರ್ಚು ಮಾಡುತ್ತಾರೆ, ಅದು ಹಳ್ಳಿಗೆ ತಲುಪೋದು ಹೇಗೆ, ಬಡವನ ಮನೆಯಲ್ಲಿ ಕೆಡದೆ ಇರೋದು ಹೇಗೆ ಅನ್ನೋದರ ಮೇಲೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅದೂ ಸಂಶೋಧನೆಯೇ ಅಲ್ವಾ?

ಇನ್ನೊಂದು ಹೇಳುತ್ತೀನಿ, ಬೇಕಾದ್ರೆ ಸಭೆಯಲ್ಲಿ ಹೇಳು. ನಮ್ಮ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಸೋಲಾರ್ ಪಾರ್ಕ್‌ಗೆ ಹೋಯಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ. ಜನ ಯಾಕೆ ಕೊಟ್ಟರು? ಖುಷ್ಕಿಯಲ್ಲಿ ಬೆವರು ಸುರಿಸಿದ್ರೂ ಅಷ್ಟು ಕೈಯಲ್ಲಿ ಉಳೀತಿರಲಿಲ್ಲ. ಯಾವ ವಿಜ್ಞಾನಿ ಏನೇ ಹೊಸದು ತಂದ್ರೂ ನಾನು ಕೇಳೋದು ಇದೇ: ಸ್ವಾಮಿ, ನೀರಿಲ್ಲದ ಎಕರೆಯಲ್ಲಿ ಖರ್ಚು ಕಳೆದು ಇಷ್ಟು ಉಳಿಸುತ್ತಾ? ಉಳಿಸಲ್ಲ ಅಂದ್ರೆ ಆ ಜಮೀನಿನಲ್ಲಿ ಗಾಜಿನ ಹಲಗೆ ನಿಲ್ಲುತ್ತೆ, ಅಷ್ಟೇ. ಜಮೀನು ಇದ್ದವನಿಗೆ ಗುತ್ತಿಗೆ ಬಂತು. ಅಲ್ಲಿ ಕಳೆ ಕೀಳೋಕೆ, ಕಾಯಿ ಬಿಡಿಸೋಕೆ ಹೋಗುತ್ತಿದ್ದವರಿಗೆ ಏನು ಬಂತು?

---

ನಿವೃತ್ತ ಕೃಷಿ ಸಹಾಯಕ, ಗುಬ್ಬಿ

ಪಾವಗಡದವರು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಸ್ವಲ್ಪ ಹಿಂದಿನ ಕಥೆ ಸೇರಿಸುತ್ತೇನೆ. ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನಾವು ಇವತ್ತು ಮುದ್ದೆ ತಿನ್ನುತ್ತಿರುವುದರ ಹಿಂದೆ ಒಬ್ಬ ವಿಜ್ಞಾನಿಯ ಕೆಲಸ ಇದೆ. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿದ್ದ ಡಾ. ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆಯುತ್ತಿದ್ದರು. ರಾಗಿಯ ಮೂಲ ಊರು ಪೂರ್ವ ಆಫ್ರಿಕಾ. ಇವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಸೇರಿಸಿ ಇಂಡಾಫ್ ತಳಿಗಳನ್ನು ತಂದರು. ಕೇಳಲು ಸುಲಭ. ರಾಗಿ ಹೂವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು ಎಷ್ಟು ಸಣ್ಣದು ಅಂತ. ತನ್ನ ಪರಾಗ ತಾನೇ ಹಿಡಿದು ಕಾಳು ಕಟ್ಟುವ ಬೆಳೆ ಅದು, ಎರಡು ಗಿಡ ಸೇರಿಸುವುದೇ ದೊಡ್ಡ ತಪಸ್ಸು. 1970ರ ದಶಕದಲ್ಲಿ ಇಂಡಾಫ್ ನಮ್ಮ ಜಿಲ್ಲೆಗಳಿಗೆ ಹರಡಿದಾಗ ನೀರಾವರಿ ಇಲ್ಲದವನ ಮನೆಯಲ್ಲೂ ಕಣಜ ತುಂಬಿತು. ಮುಂದೆ 1990ರ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಜಿಪಿಯು-28 ಬಂತು. ಬೆಂಕಿ ರೋಗ ತಡೆಯುವ ಗುಣ ಅದಕ್ಕಿತ್ತು. ತೆನೆ ಕುತ್ತಿಗೆಗೆ ಬೆಂಕಿ ಬಿದ್ದರೆ ಹೊಲ ನೋಡಲು ಚೆನ್ನಾಗಿರುತ್ತದೆ, ತೆನೆ ಹಿಚುಕಿದರೆ ಬರೀ ಹೊಟ್ಟು. ಆ ಕಾಟ ಕಡಿಮೆ ಆಗಿದ್ದು ಈ ತಳಿಯಿಂದ.

ಈಗ ಮುಖ್ಯ ಮಾತು. ಈ ಕೆಲಸವನ್ನು ಯಾವ ಬೀಜದ ಕಂಪನಿಯೂ ಮಾಡುತ್ತಿರಲಿಲ್ಲ. ರಾಗಿ ಬೀಜ ಒಮ್ಮೆ ತಂದ ರೈತ ಮುಂದೆ ತನ್ನ ಕಣದ ಕಾಳನ್ನೇ ಬಿತ್ತುತ್ತಾನೆ. ಮತ್ತೆ ಅಂಗಡಿಗೆ ಹೋಗುವುದಿಲ್ಲ. ಕಂಪನಿಗೆ ಅದರಲ್ಲಿ ಲಾಭ ಎಲ್ಲಿ? ಹೈಬ್ರಿಡ್ ಜೋಳ, ಟೊಮೆಟೊ, ಹತ್ತಿಗೆ ಖಾಸಗಿಯವರು ಇದ್ದಾರೆ. ರಾಗಿ, ಅವರೆ, ಹುರುಳಿ, ಸಾಮೆ ಕೊರಲೆ ಥರದ ಸಿರಿಧಾನ್ಯ ಇವಕ್ಕೆ ಸರ್ಕಾರದ ದುಡ್ಡು ಬಿಟ್ಟರೆ ದಿಕ್ಕಿಲ್ಲ. ಆದ್ದರಿಂದ ಸಾರ್ವಜನಿಕ ಸಂಶೋಧನೆಯ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಅಳತೆ ಸಿಕ್ಕಿತಲ್ಲ: ಬಡವನಿಗೆ ಬೇಕು, ಆದರೆ ಮಾರಿ ಲಾಭ ಮಾಡಲು ಆಗುವುದಿಲ್ಲ, ಅಂಥದ್ದು ಮೊದಲು.

ಬೀಜ ಒಂದೇ ಅಲ್ಲ. ಮರಗೆಣಸು ಆಫ್ರಿಕಾದಲ್ಲಿ ಕೋಟ್ಯಂತರ ಬಡವರ ಊಟ. 1970ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ಒಂದು ಹಿಟ್ಟು ತಿಗಣೆ ಅಲ್ಲಿಗೆ ಬಂದು ಹೊಲ ಹೊಲ ಒಣಗಿಸಿತು. ಹಾನ್ಸ್ ಹೆರೆನ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡ ಆ ತಿಗಣೆಯ ತವರಿಗೇ ಹೋಗಿ ಹುಡುಕಿದರು. ಪರಾಗ್ವೆಯಲ್ಲಿ ಸಿಕ್ಕಿದ, ಆ ತಿಗಣೆಯನ್ನು ಕೊಲ್ಲುವ ಒಂದು ಸಣ್ಣ ಕಣಜದ ಹುಳವನ್ನು ತಂದು, ಬೆಳೆಸಿ, 1981ರಿಂದ ಆಫ್ರಿಕಾದ ದೇಶ ದೇಶಗಳಲ್ಲಿ ಬಿಟ್ಟರು. ತಿಗಣೆ ಹತೋಟಿಗೆ ಬಂತು. ರೈತ ಒಂದು ಪೈಸೆ ಖರ್ಚು ಮಾಡಲಿಲ್ಲ, ಒಂದು ತರಬೇತಿಗೂ ಹೋಗಲಿಲ್ಲ. 1995ರಲ್ಲಿ ಹೆರೆನ್‌ಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಇಂಥದ್ದೇ ಕೆಲಸ ಬೆಂಗಳೂರಿನ ನಮ್ಮ ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆಯಲ್ಲೂ ಆಗಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿದ ಪಪ್ಪಾಯಿ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹತ್ತಿತ್ತು. ಸೊಪ್ಪಿಗೆ ಔಷಧಿ ಹೊಡೆದರೆ ರೇಷ್ಮೆ ಹುಳು ಸಾಯುತ್ತದೆ, ಹೊಡೆಯದಿದ್ದರೆ ಸೊಪ್ಪೇ ಇಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ಆ ತಿಗಣೆಯನ್ನು ಕೊಲ್ಲುವ ಪರಾವಲಂಬಿ ಕೀಟಗಳನ್ನು ತರಿಸಿ ಬಿಟ್ಟರು, ಕಾಟ ಇಳಿಯಿತು. ಎಷ್ಟು ಜನರಿಗೆ ಇದು ಗೊತ್ತು?

---

ಶಿಡ್ಲಘಟ್ಟ ಗೂಡು

ಗುಬ್ಬಿ ಯಜಮಾನ್ರೇ, ಈ ಕಥೆ ನಮಗೂ ಗೊತ್ತಿರಲಿಲ್ಲ. ಯಾರೋ ಹುಳ ಬಿಟ್ಟು ಹೋದ್ರು ಅಂತ ಅಷ್ಟೇ ಕೇಳಿದ್ದೆವು. ಸೊಪ್ಪಿನ ತೋಟ ಇರುವವರ ಕಷ್ಟ ಸರಿಯಾಗಿ ಹೇಳಿದಿರಿ.

ಇದಕ್ಕೆ ಸೇರಿದ ಇನ್ನೊಂದು. ಲದ್ದಿ ಹುಳು, ಅದೇ ಫಾಲ್ ಸೈನಿಕ ಹುಳು, 2016ರಲ್ಲಿ ಆಫ್ರಿಕಾಕ್ಕೆ ಬಂತು, 2018ರಲ್ಲಿ ನಮ್ಮ ರಾಜ್ಯದ ಮುಸುಕಿನ ಜೋಳದಲ್ಲಿ ಸಿಕ್ಕಿತು. ದೇಶದಲ್ಲೇ ಮೊದಮೊದಲು ಪತ್ತೆ ಆದ ಜಾಗಗಳಲ್ಲಿ ನಮ್ಮ ಚಿಕ್ಕಬಳ್ಳಾಪುರವೂ ಒಂದು. ಹೊರಗಿಂದ ಬರುವ ಹುಳ ಮುಂಚೆಯೇ ಗುರುತಿಸೋದು, ಅದರ ಶತ್ರುವನ್ನು ರೆಡಿ ಇಟ್ಟುಕೊಳ್ಳೋದು, ಇದಕ್ಕೆ ದುಡ್ಡು ಇಡಲಿ. ಈಗ ಏನಾಗುತ್ತಿದೆ ಅಂದ್ರೆ ಹುಳ ಬಂದ ಮೇಲೆ ಔಷಧಿ ಅಂಗಡಿಯವನೇ ನಮ್ಮ ವಿಜ್ಞಾನಿ.

---

ಮುಳಬಾಗಿಲು ಟೊಮೆಟೊ

ಎಲ್ಲರೂ ರಾಗಿ ರಾಗಿ ಅಂತಿದ್ದೀರ. ನಾನು ಸ್ವಲ್ಪ ಅಡ್ಡ ಮಾತಾಡುತ್ತೀನಿ, ಬೈಯಬೇಡಿ.

ರಾಗಿ ಬೆಳೆದು ಯಾರೂ ಸಾಹುಕಾರ ಆಗಿಲ್ಲ. 2025-26ಕ್ಕೆ ರಾಗಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ. ಎಕರೆಗೆ ಎಂಟು ಹತ್ತು ಕ್ವಿಂಟಾಲ್ ಬಂದ್ರೆ ಎಷ್ಟಾಯ್ತು, ಅದರಲ್ಲಿ ಕೊಯ್ಲು ಕೂಲಿ ಎಷ್ಟು ಹೋಯ್ತು, ನೀವೇ ಲೆಕ್ಕ ಹಾಕಿ. ಕೋಲಾರ ಜಿಲ್ಲೆಯಲ್ಲಿ ಮಕ್ಕಳನ್ನ ಓದಿಸಿದ್ದು, ಮನೆ ಕಟ್ಟಿದ್ದು ತರಕಾರಿ, ರೇಷ್ಮೆ ಮತ್ತೆ ಹಾಲು. ಬಡತನ ಹೋಗಬೇಕು ಅಂದ್ರೆ ಕೈಯಲ್ಲಿ ದುಡ್ಡು ಆಡಬೇಕು. ದುಡ್ಡು ತರೋ ಬೆಳೆ ಮೇಲೆ ಸಂಶೋಧನೆ ಆಗಲಿ.

ಟೊಮೆಟೊದಲ್ಲಿ ನಮ್ಮ ಸಮಸ್ಯೆ ಎರಡು. ಒಂದು ರೋಗ. ಬಿಳಿ ನೊಣ ಕೂತರೆ ಎಲೆ ಮುದುರು, ಗಿಡ ಅಲ್ಲೇ ಕುಂಟುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ರಕ್ಷಕ್ ಅಂತ ಮೂರು ರೋಗ ತಡೆಯೋ ಹೈಬ್ರಿಡ್ ಕೊಟ್ಟರು, ಒಳ್ಳೆ ಕೆಲಸ, ಒಪ್ಪುತ್ತೀನಿ. ಆದ್ರೆ ರೋಗ ಪ್ರತಿ ವರ್ಷ ವೇಷ ಬದಲಾಯಿಸುತ್ತೆ, ತಳಿ ಬರೋಕೆ ವರ್ಷಗಟ್ಟಲೆ ಆಗುತ್ತೆ. ಎರಡನೇದು ರೇಟು. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತು. ಟಿವಿಯವರು ಬಂದು ತೋಟದಲ್ಲಿ ಕ್ಯಾಮೆರಾ ಇಟ್ಟರು. ಅದೇ ಬಾಕ್ಸ್ ನೂರು ರೂಪಾಯಿಗೂ ಹೋಗದೆ ರಸ್ತೆ ಪಕ್ಕ ಸುರಿದ ವರ್ಷ ಯಾವ ಕ್ಯಾಮೆರಾನೂ ಎರಡನೇ ದಿನ ನಿಲ್ಲಲ್ಲ. ಶ್ರೀನಿವಾಸಪುರದ ಮಾವಿನವರನ್ನ ಕೇಳಿ, 2025ರಲ್ಲಿ ಚಿತ್ತೂರಿನವರು ನಮ್ಮ ತೋತಾಪುರಿ ಬರಬಾರದು ಅಂತ ಗಡಿಯಲ್ಲಿ ತಡೆದಾಗ ಬೆಲೆ ಏನಾಯ್ತು ಅಂತ. ಇಳುವರಿ ಕಡಿಮೆ ಆಗಿ ಬಡವರಾದವರಿಗಿಂತ ಇಳುವರಿ ಜಾಸ್ತಿ ಆಗಿ ಮುಳುಗಿದವರು ನಮ್ಮ ಕಡೆ ಹೆಚ್ಚು. ಯಾವ ತಿಂಗಳು ಎಷ್ಟು ಎಕರೆ ನಾಟಿ ಆಗಿದೆ, ಮಹಾರಾಷ್ಟ್ರ, ಆಂಧ್ರದಲ್ಲಿ ಎಷ್ಟಿದೆ, ನಾನು ಈಗ ಹಚ್ಚಿದ್ರೆ ಕೊಯ್ಲಿಗೆ ರೇಟು ಎಲ್ಲಿರುತ್ತೆ, ಇದನ್ನ ನಂಬೋ ಹಾಗೆ ಹೇಳೋ ಒಂದು ವ್ಯವಸ್ಥೆ ಬೇಕು. ಅದಕ್ಕೆ ನಿನ್ನ ಪಟ್ಟಿಯಲ್ಲಿರೋ ಕೃತಕ ಬುದ್ಧಿಮತ್ತೆಯನ್ನೇ ಹಾಕಲಿ ಬಿಡು.

---

ಪಾವಗಡದ ಬಿಸಿಲು

ಮುಳಬಾಗಿಲಣ್ಣ, ರೇಟಿನ ಮಾತು ಒಪ್ಪಿದೆ. ಆದ್ರೆ ನಿಮ್ಮ ಟೊಮೆಟೊಗೆ ನೀರು ಎಲ್ಲಿಂದ? ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಬೋರು ಕೊರೆಸಿ, ನಾಲ್ಕು ಫೇಲ್ ಆಗಿ ಐದನೇದರಲ್ಲಿ ಒಂದಿಂಚು ಸಿಕ್ಕವನು ಟೊಮೆಟೊ ಹಾಕುತ್ತಾನೆ. ಹುಡುಗ ಕೇಳಿದ್ದು ಬೋರ್ ಇಲ್ಲದವನ ಬಗ್ಗೆ. ಟೊಮೆಟೊಗೆ ಎಕರೆಗೆ ಲಕ್ಷದ ಮೇಲೆ ಸುರಿಯಬೇಕು, ಕೋಲು, ದಾರ, ಮಲ್ಚಿಂಗ್, ಡ್ರಿಪ್, ಔಷಧಿ. ಅಷ್ಟು ಇದ್ದವನು ಬಡವ ಹೇಗಾಗುತ್ತಾನೆ? ಸೋತರೆ ಆಗುತ್ತಾನೆ ಅನ್ನೋದು ಬೇರೆ.

---

ಮುಳಬಾಗಿಲು ಟೊಮೆಟೊ

ನೀರಿನ ವಿಷಯ ತೆಗೆದಿದ್ದಕ್ಕೆ ಹೇಳುತ್ತೀನಿ, ಅದೂ ಸಂಶೋಧನೆ ಆಗಬೇಕಾದ ವಿಷಯವೇ. 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿದೆ. ಬೆಂಗಳೂರಿನ ಕೊಳಚೆಯನ್ನ ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆ ತುಂಬಿಸೋ ಯೋಜನೆ, ಮೊದಲ ಹಂತದಲ್ಲೇ 126 ಕೆರೆ. ಚಿಕ್ಕಬಳ್ಳಾಪುರದವರಿಗೆ ಎಚ್.ಎನ್. ವ್ಯಾಲಿ. ಕೆರೆ ತುಂಬಿದ್ದು ನಿಜ, ಬತ್ತಿದ ಬೋರಲ್ಲಿ ನೀರು ಬಂದಿದ್ದೂ ನಿಜ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಟ ನಡೀತಿರೋದೂ ನಿಜ. ಆ ನೀರು ಕುಡಿದ ಮಣ್ಣಲ್ಲಿ, ಸೊಪ್ಪಲ್ಲಿ, ಹಾಲಲ್ಲಿ ಹತ್ತು ವರ್ಷ ಆದ ಮೇಲೆ ಏನಿರುತ್ತೆ? ಊರೂರಿಗೆ ಮಾದರಿ ತೆಗೆದು ಪ್ರತಿ ವರ್ಷ ಫಲಿತಾಂಶ ಪಂಚಾಯ್ತಿ ಗೋಡೆ ಮೇಲೆ ಅಂಟಿಸಲಿ. ಒಂದು ಕಡೆಯವರು ಅಮೃತ ಅಂತಾರೆ, ಇನ್ನೊಂದು ಕಡೆಯವರು ವಿಷ ಅಂತಾರೆ, ಮಧ್ಯದಲ್ಲಿ ಕೊತ್ತಂಬರಿ ಸೊಪ್ಪು ಬೆಳೆಯೋ ನಾನು ಯಾರನ್ನ ನಂಬಲಿ?

---

ಮಧುಗಿರಿ ಅಕ್ಕ

ಅಣ್ಣಂದಿರೆಲ್ಲ ಬೀಜ, ಹುಳ, ರೇಟು, ನೀರು ಹೇಳಿದಿರಿ. ಬೆಳೆ ಮನೆಗೆ ಬಂದ ಮೇಲೆ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. ಅದು ನಮ್ಮ ಪಾಲಿಗೆ ಬರುವ ಕೆಲಸ, ಅದಕ್ಕೇ ಇರಬೇಕು!

ನಾವು ಸ್ತ್ರೀಶಕ್ತಿ ಸಂಘದವರು ಕೊರಲೆ ಬೆಳೆಯುತ್ತೇವೆ. ಕೊರಲೆ ನಮ್ಮ ಮಧುಗಿರಿ, ಶಿರಾ, ಪಾವಗಡದ ಬೆಳೆ. ಬರಡು ಮಣ್ಣಾದರೂ ಬರುತ್ತದೆ, ಎರಡು ಮಳೆ ತಪ್ಪಿದರೂ ತಡೆಯುತ್ತದೆ, ಮೂರು ತಿಂಗಳೊಳಗೆ ಕೈಗೆ ಸಿಗುತ್ತದೆ. 2023ರಲ್ಲಿ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಬಹಳ ಮೇಳ ಆಯಿತು, ನಮ್ಮನ್ನೂ ಕರೆದು ಹಾರ ಹಾಕಿದರು. ಊರಿಗೆ ವಾಪಸ್ ಬಂದರೆ ಕೊರಲೆಯ ಹೊಟ್ಟು ಬಿಡಿಸಲು ಯಂತ್ರ ಇಲ್ಲ. ಕಾಳು ಸಾಸಿವೆಗಿಂತ ಸ್ವಲ್ಪ ದಪ್ಪ, ಹೊಟ್ಟು ಗಟ್ಟಿ. ಭತ್ತದ ಮಿಲ್ಲಿಗೆ ಹಾಕಿದರೆ ನುಚ್ಚು. ಸರಿಯಾದ ಮಿಲ್ ಬೇರೆ ತಾಲ್ಲೂಕಿನಲ್ಲಿದೆ, ಕ್ವಿಂಟಾಲ್‌ಗಟ್ಟಲೆ ಇಲ್ಲದಿದ್ದರೆ ಅವರು ಯಂತ್ರ ಶುರು ಮಾಡುವುದಿಲ್ಲ. ಅರ್ಧ ಮೂಟೆ ಇರುವವಳು ಏನು ಮಾಡಬೇಕು? ಒನಕೆ ಹಿಡಿದರೆ ಎರಡು ಸೇರಿಗೆ ರಟ್ಟೆ ಬೀಳುತ್ತದೆ, ಆಮೇಲೆ ಮೊರದಲ್ಲಿ ಕೇರಿ, ಉಳಿದ ಹೊಟ್ಟುಕಾಳು ಆರಿಸಿ, ಮತ್ತೆ ಕುಟ್ಟಿ. ಬೇಡಪ್ಪ ಅಂತ ಹೊಟ್ಟಿನ ಸಮೇತ ವ್ಯಾಪಾರಿಗೆ ಮಾರಿಬಿಡುತ್ತೇವೆ. ಅವನು ಅಕ್ಕಿ ಮಾಡಿ ಬೆಂಗಳೂರಿನಲ್ಲಿ ಮಾರುವ ಬೆಲೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ನಾವು ರೇಷನ್ ಅಕ್ಕಿ ಬೇಯಿಸಿಕೊಂಡು ಉಣ್ಣುತ್ತೇವೆ. ಬೆಳೆದವರ ಮಕ್ಕಳಿಗೆ ಕೊರಲೆ ಇಲ್ಲ, ಇದೆಂಥ ಪೌಷ್ಟಿಕಾಂಶದ ಯೋಜನೆ?

ಹೊಸ ತಳಿ ಆಮೇಲೆ ಕೊಡಿ. ಹತ್ತು ಕೆಜಿ ಹಾಕಿದರೂ ಓಡುವ, ಸಿಂಗಲ್ ಫೇಸ್ ಕರೆಂಟಿನಲ್ಲಿ ನಡೆಯುವ, ಒಬ್ಬಳೇ ನಡೆಸಬಹುದಾದ, ತವುಡೆಲ್ಲ ಉಜ್ಜಿ ಬೆಳ್ಳಗೆ ಮಾಡದ ಒಂದು ಯಂತ್ರ ಕೊಡಿ. ಕೆಟ್ಟರೆ ಮಧುಗಿರಿಯಲ್ಲೇ ರಿಪೇರಿ ಆಗಬೇಕು.

ಇನ್ನೊಂದು ಹುಲ್ಲು. ಹೊಸ ರಾಗಿ ತಳಿ ತೋರಿಸಲು ಬಂದವರು ಕಾಳು ಎಷ್ಟು ಬಂತು ಅಂತ ತೂಕ ಹಾಕುತ್ತಾರೆ. ನಾವು ಮೊದಲು ನೋಡುವುದು ಪೈರಿನ ಎತ್ತರ. ಕಾಳು ಎರಡು ಕ್ವಿಂಟಾಲ್ ಜಾಸ್ತಿ ಬಂದು ಹುಲ್ಲು ಅರ್ಧ ಆದರೆ ನಮಗೆ ನಷ್ಟ. ರಾಗಿ ಹುಲ್ಲಿನ ಮೆದೆ ಇದ್ದರೆ ಬೇಸಿಗೆಯಲ್ಲಿ ಹಸು ನಿಲ್ಲುತ್ತದೆ, ಹಸು ನಿಂತರೆ ಡೇರಿ ಬಟವಾಡೆ ನಿಲ್ಲುವುದಿಲ್ಲ. ಜಮೀನು ಇಲ್ಲದವರು ಕೊಯ್ಲು ಕೂಲಿಯನ್ನೇ ಹುಲ್ಲಿನಲ್ಲಿ ಕೇಳುತ್ತಾರೆ. ಈಗ ಕೊಯ್ಲಿನ ಯಂತ್ರ ಬಂದಿದೆ, ಕೂಲಿ ಉಳಿಯುತ್ತದೆ ಸರಿ. ಅದು ಹುಲ್ಲನ್ನು ತುಳಿದು ಪುಡಿ ಮಾಡಿ ಮಣ್ಣಿಗೆ ಬಿಟ್ಟು ಹೋಗುತ್ತದೆ. ಹುಲ್ಲು ಕೆಡಿಸದೆ ಕೊಯ್ಯುವ ಯಂತ್ರ ಮಾಡಲು ಅಷ್ಟು ಕಷ್ಟವೇ?

---

ಪಿಎಚ್‌ಡಿ ಮಾಡ್ತಿರೋನು

ನಾನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಓದುತ್ತಿದ್ದೇನೆ, ಊರು ಚಿಂತಾಮಣಿ ಹತ್ತಿರ. ಒಳಗಿನವನಾಗಿ ಹೇಳಬೇಕಾದ ಮಾತು ಒಂದೆರಡು ಇವೆ.

ಅಕ್ಕ ಹೇಳಿದ ಹುಲ್ಲಿನ ವಿಷಯ ನಮಗೆ ಗೊತ್ತಿಲ್ಲ ಅಂತಲ್ಲ. ಪ್ರಯೋಗದಲ್ಲಿ ಹುಲ್ಲಿನ ತೂಕವನ್ನೂ ಬರೆಯುತ್ತೇವೆ. ಆದರೆ ತಳಿ ಬಿಡುಗಡೆ ಆಗಬೇಕಾದರೆ ಕಾಳಿನ ಇಳುವರಿಯದ್ದೇ ಮೊದಲ ಮಾತು. ಒಂದು ತಳಿ ಕ್ರಾಸ್‌ನಿಂದ ಹಿಡಿದು ರೈತರ ಕೈಗೆ ಬರಲು ಎಂಟು ಹತ್ತು ವರ್ಷ ಹಿಡಿಯುತ್ತದೆ. ಯುವ ವಿಜ್ಞಾನಿಯ ಬಡ್ತಿ ನಿಲ್ಲುವುದು ಪ್ರಕಟವಾದ ಪ್ರಬಂಧಗಳ ಮೇಲೆ. ಕೊರಲೆ ಹೊಟ್ಟು ಬಿಡಿಸುವ ಯಂತ್ರಕ್ಕೆ ಯಾವ ವಿದೇಶಿ ಪತ್ರಿಕೆಯವರು ಚಪ್ಪಾಳೆ ಹೊಡೆಯುತ್ತಾರೆ ಹೇಳಿ? ಜೀನ್ ಬಗ್ಗೆ ಬರೆದರೆ ಹೊಡೆಯುತ್ತಾರೆ. ಹಾಗಂತ ಜೀನ್ ಕೆಲಸ ಬೇಡ ಅನ್ನುವುದಿಲ್ಲ, ಬೆಂಕಿ ರೋಗದ ವಿರುದ್ಧ ಮುಂದಿನ ರಾಗಿ ಬರುವುದು ಅಲ್ಲಿಂದಲೇ.

ಇನ್ನೊಂದು, ನಮ್ಮ ಪ್ರಯೋಗದ ತಾಕಿನಲ್ಲಿ ಹೇಳಿದ ಹೊತ್ತಿಗೆ ಬಿತ್ತನೆ, ಹೇಳಿದಷ್ಟು ಗೊಬ್ಬರ, ಸರಿಯಾಗಿ ಕಳೆ. ನಿಮ್ಮ ಹೊಲದಲ್ಲಿ ಆರಿದ್ರ ಕೈಕೊಟ್ಟು, ಪುನರ್ವಸು ಕೈಕೊಟ್ಟು, ಮಖೆ ಮಳೆಗೆ ಬಿತ್ತನೆ ಆಗುತ್ತದೆ. ಅಷ್ಟು ತಡವಾದ ಮೇಲೆ 115 ದಿನದ ಜಿಪಿಯು-28 ಹಾಕಿದರೆ ಕಾಳು ಕಟ್ಟುವಾಗ ತೇವ ಇರುವುದಿಲ್ಲ. ನೂರು ದಿನದೊಳಗಿನ ಜಿಪಿಯು-48 ಥರದ್ದು ಬೇಕು. ಆ ಬೀಜ ಇದೆ! ಆದರೆ ಆಗಸ್ಟ್ ಮಧ್ಯದಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಸ್ಟಾಕ್ ಇರುತ್ತದಾ? ಮಳೆ ಹೇಗೆ ತಿರುಗಿದರೂ ಆ ವಾರಕ್ಕೆ ಬೇಕಾದ ಬೀಜ ಆ ಹೋಬಳಿಯಲ್ಲಿ ಇರುವ ಹಾಗೆ ಮಾಡುವುದು ಹೇಗೆ ಅನ್ನುವುದು ಪಾವಗಡದವರ ಪ್ರಶ್ನೆಯ ಇನ್ನೊಂದು ಮುಖ. ಇದಕ್ಕೆ ಕೃಷಿ ವಿಜ್ಞಾನಿ ಒಬ್ಬರೇ ಸಾಲುವುದಿಲ್ಲ, ಅರ್ಥಶಾಸ್ತ್ರ ಓದಿದವರು, ಹವಾಮಾನದವರು, ನಿಮ್ಮ ಥರ ಕಂಪನಿ ನಡೆಸುವವರು ಸೇರಬೇಕು.

ಸಭೆಯಲ್ಲಿ ಒಂದು ಕೇಳಿ. 'ರೈತರ ಹೊಲದಲ್ಲಿ, ರೈತರ ಬಿತ್ತನೆ ದಿನಕ್ಕೆ ಎಷ್ಟು ಪ್ರಯೋಗ ಮಾಡುತ್ತೀರಿ?' ಉತ್ತರ ಹೇಳುವವರ ಮುಖ ನೋಡಿ. ನನ್ನ ಹೆಸರು ಮಾತ್ರ ಎತ್ತಬೇಡಿ ಮಾರಾಯ್ರೇ, ನಾನಿನ್ನೂ ಥೀಸಿಸ್ ಮುಗಿಸಬೇಕು.

---

ನಿವೃತ್ತ ಕೃಷಿ ಸಹಾಯಕ, ಗುಬ್ಬಿ

ಪಿಎಚ್‌ಡಿ ತಮ್ಮ ಹೇಳಿದ್ದು ಕೇಳಿ ನನಗೆ ನೆನಪಾಗಿದ್ದು ಅಕ್ಕಡಿ ಸಾಲು. ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕುತ್ತಿದ್ದೆವಲ್ಲ. ರಾಗಿ ಕೈಕೊಟ್ಟ ವರ್ಷ ತೊಗರಿ ಕೈ ಹಿಡಿಯುತ್ತಿತ್ತು, ಮನೆಗೆ ಬೇಳೆ, ಎಣ್ಣೆ ಎರಡೂ ಬರುತ್ತಿತ್ತು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಂತ ವಿಶ್ವವಿದ್ಯಾಲಯದವರೇ ಶಿಫಾರಸು ಮಾಡಿದ್ದಾರೆ. ಈಗ ಅದು ಕಡಿಮೆ ಆಗುತ್ತಿರುವುದಕ್ಕೆ ಕಾರಣ ಸೋಮಾರಿತನ ಅಲ್ಲ. ಕಳೆನಾಶಕ ಹೊಡೆದರೆ ಅಕ್ಕಡಿ ಸುಡುತ್ತದೆ, ಯಂತ್ರ ಬಂದರೆ ತೊಗರಿ ಅಡ್ಡ ಬರುತ್ತದೆ. ರೇಷನ್ನಿನಲ್ಲಿ ವರ್ಷಗಟ್ಟಲೆ ಅಕ್ಕಿ ರಾಗಿಯೇ ಸಿಕ್ಕಿತು, ಬೇಳೆ ಕೊಳ್ಳಬೇಕಾಗಿತ್ತು. ಹುಡುಗ ಮೊದಲಲ್ಲಿ ಹೇಳಿದ 35 ಮಕ್ಕಳ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇದೆ. ಬರೀ ಅನ್ನದಲ್ಲಿ ಮಗು ಬೆಳೆಯುವುದಿಲ್ಲ. ಬೇಳೆ, ಸೊಪ್ಪು, ಹಾಲು, ಮೊಟ್ಟೆ ಬೇಕು. ಸಣ್ಣ ಹಿಡುವಳಿಯಲ್ಲಿ ಮಿಶ್ರ ಬೆಳೆಗೆ ಹೊಂದುವ ಕೂರಿಗೆ, ಕಳೆ ತೆಗೆಯುವ ಸಣ್ಣ ಉಪಕರಣ, ಇವುಗಳ ಮೇಲೆ ಕೆಲಸ ಆಗಲಿ.

---

ಬಾಗೇಪಲ್ಲಿ ಹುಡುಗ

ಇಷ್ಟು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಓದಿ ಓದಿ ಹೀಗೆ ಬರೆದುಕೊಂಡಿದ್ದೇನೆ, ನೋಡಿ ಹೇಳಿ.

ಮೊದಲು ಬೀಜ. ಹೊಸ ತಳಿ ಅಲ್ಲ, ಇರುವ ಒಳ್ಳೆ ತಳಿ ಮಳೆಗೆ ತಕ್ಕ ಹಾಗೆ ಹೋಬಳಿಗೆ ತಲುಪುವುದು, ಮನೆಯಲ್ಲಿ ಕೆಡದೆ ಉಳಿಯುವುದು. ಕಡಲೆಕಾಯಿ ಮತ್ತು ಬೇಗ ಬರುವ ರಾಗಿ ಎರಡನ್ನೂ ಉದಾಹರಣೆ ಕೊಡುತ್ತೇನೆ. ಎರಡನೇದು ಯಂತ್ರ. ಹೊಟ್ಟು ಬಿಡಿಸುವುದು, ಹುಲ್ಲು ಕೆಡದೆ ಕೊಯ್ಯುವುದು, ಅಕ್ಕಡಿಗೆ ಹೊಂದುವ ಉಪಕರಣ, ಮೂರನ್ನೂ ಒಂದೇ ತಲೆಬರಹದಲ್ಲಿ ಸೇರಿಸಿದ್ದೇನೆ (ಮೂರೇ ವಿಷಯ ಅಂತ ನಾನೇ ಹೇಳಿ ನಾನೇ ಮೋಸ ಮಾಡುತ್ತಿದ್ದೇನೆ, ಗೊತ್ತು). ಮೂರನೇದು ಹುಳ ರೋಗಕ್ಕೆ ಔಷಧಿ ಅಂಗಡಿ ಬಿಟ್ಟು ಬೇರೆ ದಾರಿ. ಮರಗೆಣಸಿನ ಕಥೆ ಹೇಳುತ್ತೇನೆ, ಹೆಬ್ಬಾಳದ್ದೂ ಹೇಳುತ್ತೇನೆ, ಏಕೆಂದರೆ ಅಲ್ಲಿಂದಲೂ ಯಾರಾದರೂ ಬಂದಿರುತ್ತಾರೆ.

ಮುಳಬಾಗಿಲಣ್ಣ, ರೇಟಿನ ವಿಷಯ ಬಿಟ್ಟಿದ್ದಕ್ಕೆ ಕೋಪ ಮಾಡಿಕೊಳ್ಳಬೇಡಿ. ಅದು ಸಂಶೋಧನೆಗಿಂತ ಸರ್ಕಾರದ ಮಾತು ಅನ್ನಿಸಿತು. ಕೆರೆ ನೀರಿನ ಪರೀಕ್ಷೆ ವಿಷಯ ಮಾತ್ರ ಲಿಖಿತವಾಗಿ ಕೊಡುತ್ತೇನೆ, ನಮಗೂ ಅದೇ ಥರದ ನೀರು ಬರುತ್ತಿದೆ.

---

ಮುಳಬಾಗಿಲು ಟೊಮೆಟೊ

ಕೋಪ ಇಲ್ಲ, ಆದ್ರೆ ಒಪ್ಪಲ್ಲ. ರೇಟು ಗೊತ್ತಿಲ್ಲದೆ ಬೀಜ, ಯಂತ್ರ ಏನು ಕೊಟ್ರೂ ಬೆಳೆದವನು ಮಾರ್ಕೆಟ್‌ನಲ್ಲಿ ಸಾಯುತ್ತಾನೆ. ಇರಲಿ, ನೀರಿನ ಪತ್ರ ಕೊಡುವಾಗ ಕೋಲಾರದ ಹೆಸರೂ ಹಾಕು.

---

ಮಧುಗಿರಿ ಅಕ್ಕ

ಚೆನ್ನಾಗಿ ಬರೆದಿದ್ದೀಯ ತಮ್ಮ. ಯಂತ್ರದ ಮಾತು ಹೇಳುವಾಗ 'ಸಣ್ಣ ಯಂತ್ರ' ಅಂತ ಬರೀ ಹೇಳಬೇಡ, ಅವರು ಐದು ಲಕ್ಷದ್ದನ್ನೂ ಸಣ್ಣದು ಅನ್ನುತ್ತಾರೆ. ಹತ್ತು ಕೆಜಿ, ಸಿಂಗಲ್ ಫೇಸ್, ಒಬ್ಬ ಹೆಂಗಸು ಅಂತ ಬಿಡಿಸಿ ಹೇಳು. ಮತ್ತೆ ಸಭೆಗೆ ನಿಮ್ಮ ಕಂಪನಿಯ ಸದಸ್ಯೆಯರಲ್ಲಿ ಕುಟ್ಟಿ ಕೇರಿ ಗೊತ್ತಿರುವ ಒಬ್ಬರನ್ನಾದರೂ ಕರೆದುಕೊಂಡು ಹೋಗು. ಒಬ್ಬರಿಗೇ ಅವಕಾಶ ಅಂದರೆ ನಿನ್ನ ಐದು ನಿಮಿಷದಲ್ಲಿ ಎರಡು ನಿಮಿಷ ಅವರಿಗೆ ಕೊಡು.

---

ಬಾಗೇಪಲ್ಲಿ ಹುಡುಗ

ಸರಿ ಅಕ್ಕ. ಇಬ್ಬರ ಹೆಸರು ಕೊಡಬಹುದಾ ಅಂತ ಇವತ್ತೇ ಫೋನ್ ಮಾಡಿ ಕೇಳುತ್ತೇನೆ. ನಿಮ್ಮ ಕಡೆ ಆ ಬೇರೆ ತಾಲ್ಲೂಕಿನ ಮಿಲ್ಲಿನವರು ಕ್ವಿಂಟಾಲ್‌ಗೆ ಎಷ್ಟು ತೆಗೆದುಕೊಳ್ಳುತ್ತಾರೆ, ಅಕ್ಕಿ ಎಷ್ಟು ಸಿಗುತ್ತದೆ ಅಂತ ಇಲ್ಲೇ ಹಾಕಿದ್ರೆ ಅದನ್ನೂ ಸೇರಿಸುತ್ತೇನೆ.